ಗುಂಡು, ಕಲ್ಲು, ಮಣ್ಣು, ನೂಲು

ಕಲ್ಯಾಣ, ಭಿವಂಡಿ, ಠಾಣೆಗಳ ಮಗ್ಗುಲಲ್ಲಿ ಸಾಗಿಬರುವ ಉಲ್ಹಾಸ ನದಿಯ ಖಾಡಿಯು ಸಮುದ್ರವನ್ನು ಕೂಡುವೆಡೆಯಲ್ಲಿ, ಉತ್ತರದ ದಡದ ಮೇಲೆ, ವಸಾಯಿಯ ಕೋಟೆ ಇದೆ. ಪೋರ್ತುಗೀಜರು ಕಟ್ಟಿಸಿದ ಈ ಕೋಟೆಯು ನಾಲ್ವತ್ತೊಂದು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಮುತ್ತಿಗೆಗಳನ್ನು ಕಂಡಿತು, ಎರಡರಲ್ಲಿಯೂ ಸೋತಿತು. 1739ರ ಮೇ ತಿಂಗಳಲ್ಲಿ ಚಿಮಾಜಿ ಅಪ್ಪನ ಸೈನ್ಯಕ್ಕೆ ಅದು ಶರಣಾದದ್ದು, ಮೂರು ತಿಂಗಳ ಮುತ್ತಿಗೆಯ ಕೊನೆಗೆ, ಗೋಡೆಯ ಬುಡದಲ್ಲಿ ಸುರಂಗವನ್ನು ತೋಡಿ ಮದ್ದು ತುಂಬಿ ಸಾನ್ ಸೆಬಾಸ್ಟಿಯನ್ ಬುರುಜನ್ನು ಹಾರಿಸಿದ ಮೇಲೆ. 1780ರ ಡಿಸೆಂಬರಿನಲ್ಲಿ ಅದೇ ಕೋಟೆ ಮರಾಠರ ಕೈಯಲ್ಲಿದ್ದಾಗ ಜನರಲ್ ಗಾಡರ್ಡನ ಇಂಗ್ಲಿಷ್ ಸೈನ್ಯ ಬಂದಿತು. ಅವನು ಮೊದಲು 900 ಗಜ ದೂರದಲ್ಲಿ ತೋಪುಗಳನ್ನು ನಿಲ್ಲಿಸಿದನು. ಅವುಗಳ ಮರೆಯಲ್ಲಿ ಕಂದಕಗಳನ್ನು ತೋಡಿಕೊಂಡು ಮುಂದೆ ಸಾಗಿ, 500 ಗಜ ದೂರದಲ್ಲಿ ಇಪ್ಪತ್ತುನಾಲ್ಕು ಪೌಂಡಿನ ಗುಂಡೆಸೆಯುವ ದೊಡ್ಡ ತೋಪುಗಳನ್ನು ಹೂಡಿದನು. ಈ ಎರಡನೆಯ ಸಾಲು ಬಾಯಿ ತೆರೆದದ್ದು ಡಿಸೆಂಬರ್ 9ರಂದು. ಕೋಟೆ ಶರಣಾದದ್ದು 11ರಂದು.

ಇತಿಹಾಸಕಾರರು ಇಂಥ ಸಂಗತಿಗಳನ್ನು ಸೇನಾಪತಿಯ ಚಾತುರ್ಯ, ಒಳಗಿದ್ದವರ ಧೈರ್ಯ, ಅನ್ನ ನೀರುಗಳ ಅಭಾವ ಎಂಬ ಮಾತುಗಳಲ್ಲಿ ವಿವರಿಸುವರು. ಅದು ಯುಕ್ತವೇ. ಆದರೆ ಕಬ್ಬಿಣದ ಗುಂಡು ಕರಿಗಲ್ಲಿನ ಗೋಡೆಯನ್ನು ಮುಟ್ಟುವ ಆ ಒಂದು ಕ್ಷಣದಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ. ಗಟ್ಟಿಯಾದದ್ದು ತಡೆಯುತ್ತದೆ, ಮೆತ್ತನೆಯದು ಸೋಲುತ್ತದೆ ಎಂಬುದು ಲೋಕರೂಢಿಯ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ಸತ್ಯವೆಂದು ತೋರಿಸುವುದು ಈ ಲೇಖನದ ಉದ್ದೇಶ. ಉಳಿದರ್ಧವು ಕೇವಲ ಪಾಂಡಿತ್ಯದ ವಿಷಯವಲ್ಲವೆಂಬುದನ್ನು ಮುಂಬಯಿಯು 2008ರಲ್ಲಿ ಅರಿತುಕೊಳ್ಳಬೇಕಾಯಿತು.

ಗುಂಡಿನ ವೇಗವನ್ನು ಅಳೆಯುವ ನಂಬತಕ್ಕ ಉಪಾಯವನ್ನು ಜಗತ್ತಿಗೆ ತಿಳಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ. ಭಾರವಾದ ಮರದ ದಿಮ್ಮಿಯೊಂದನ್ನು ಲೋಲಕದಂತೆ ತೂಗುಬಿಟ್ಟು ಅದಕ್ಕೆ ಗುಂಡು ಹೊಡೆದರೆ, ಗುಂಡು ದಿಮ್ಮಿಯಲ್ಲಿ ಹೂತುಕೊಳ್ಳುತ್ತದೆ, ದಿಮ್ಮಿ ಹಿಂದಕ್ಕೆ ತೂಗುತ್ತದೆ. ಎಷ್ಟು ತೂಗಿತೆಂಬುದನ್ನು ಅಳೆದು ಗುಂಡಿನ ವೇಗವನ್ನು ಗಣಿಸಬಹುದು. 1742ರಲ್ಲಿ ಪ್ರಕಟವಾದ ಅವನ ಗ್ರಂಥದಿಂದ ಎರಡು ವಿಷಯಗಳು ಸ್ಥಿರಪಟ್ಟವು. ಬಂದೂಕಿನ ಗುಂಡು ಸೆಕೆಂಡಿಗೆ ಸುಮಾರು 500 ಮೀಟರು ವೇಗದಿಂದ ಹೊರಡುತ್ತದೆ; ಮತ್ತು ಗಾಳಿ ಅದಕ್ಕೆ ಒಡ್ಡುವ ತಡೆಯು ಅಂದಿನ ವಿದ್ವಾಂಸರು ಭಾವಿಸಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮಹಾಗಣಿತಜ್ಞ ಆಯ್ಲರನು ಈ ಪುಸ್ತಕವನ್ನು ಮೂರೇ ವರ್ಷಗಳಲ್ಲಿ ಜರ್ಮನ್ ಭಾಷೆಗೆ ತಂದನು. ರಾಬಿನ್ಸನ ಕೊನೆಯ ದಿನಗಳು ನಮ್ಮ ದೇಶದಲ್ಲಿಯೇ ಕಳೆದವು. ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಭದ್ರಪಡಿಸಲೆಂದು ಬಂದ ಅವನು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಗಾಡರ್ಡನು 900 ಗಜದಿಂದ 500 ಗಜಕ್ಕೆ ಬರಲು ಅಷ್ಟು ಪ್ರಯಾಸಪಟ್ಟುದು ಏತಕ್ಕೆ ಎಂಬುದನ್ನು ಈಗ ಸ್ಥೂಲವಾಗಿ ಲೆಕ್ಕ ಹಾಕಬಹುದು. ಇಪ್ಪತ್ತುನಾಲ್ಕು ಪೌಂಡಿನ ಗುಂಡು ಸುಮಾರು 11 ಕಿಲೋ ತೂಕದ, 14 ಸೆಂಟಿಮೀಟರು ವ್ಯಾಸದ ಎರಕದ ಕಬ್ಬಿಣದ ಉಂಡೆ. ತೋಪಿನ ಬಾಯಲ್ಲಿ ಅದರ ವೇಗ ಸೆಕೆಂಡಿಗೆ 480 ಮೀಟರು ಎಂದಿಟ್ಟುಕೊಂಡರೆ, ಗಾಳಿಯ ತಡೆಯಿಂದ 500 ಗಜದಲ್ಲಿ ಅದು 340ರ ಆಸುಪಾಸಿಗೂ 900 ಗಜದಲ್ಲಿ 280ರ ಆಸುಪಾಸಿಗೂ ಇಳಿಯುತ್ತದೆ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ಹತ್ತಿರದ ಗುಂಡು ದೂರದ ಗುಂಡಿಗಿಂತ ಸರಿಸುಮಾರು ಒಂದೂವರೆ ಪಾಲು ಶಕ್ತಿಯನ್ನು ಗೋಡೆಗೆ ತಲುಪಿಸುತ್ತದೆ. ಗುರಿಯೂ ನೆಟ್ಟಗಾಗುತ್ತದೆ. ಒಂದೇ ಗೆರೆಯ ಮೇಲೆ ಪೆಟ್ಟಿನ ಮೇಲೆ ಪೆಟ್ಟು ಹಾಕುವುದು ಅಷ್ಟು ಹತ್ತಿರದಿಂದ ಮಾತ್ರ ಸಾಧ್ಯ.

ಇಲ್ಲಿ ಶಕ್ತಿ, ಸಂವೇಗ ಎಂಬ ಎರಡು ಪದಗಳನ್ನು ಬೇರ್ಪಡಿಸಿ ತಿಳಿಯಬೇಕು. ನಿತ್ಯದ ಮಾತಿನಲ್ಲಿ ನಾವು ಇವನ್ನು ಕಲಸಿಬಿಡುತ್ತೇವೆ. ಭಿವಂಡಿಯವರಿಗೆ ಇದಕ್ಕೆ ದೂರದ ಉದಾಹರಣೆ ಬೇಡ. ವಿದ್ಯುತ್ ಮಗ್ಗದ ಲಾಳಿ ಸುಮಾರು ಅರ್ಧ ಕಿಲೋ ತೂಕದ್ದು. ಸೆಕೆಂಡಿಗೆ ಹತ್ತು ಹನ್ನೆರಡು ಮೀಟರು ವೇಗದಲ್ಲಿ ಅತ್ತಿಂದಿತ್ತ ಹಾರುತ್ತಿರುತ್ತದೆ. ಕಲಾಶ್ನಿಕೋವ್ ಬಂದೂಕಿನ ಗುಂಡು ಎಂಟು ಗ್ರಾಮಿಗೆ ತುಸು ಕಡಮೆ. ಅದರ ವೇಗ ಸೆಕೆಂಡಿಗೆ 715 ಮೀಟರು. ತೂಕವನ್ನೂ ವೇಗವನ್ನೂ ಗುಣಿಸಿ ನೋಡಿದರೆ ಎರಡರ ಸಂವೇಗವೂ ಹೆಚ್ಚುಕಡಮೆ ಒಂದೇ! ಗುಂಡು ತಗುಲಿದವನು ಗಾಳಿಯಲ್ಲಿ ಹಾರಿ ಹತ್ತಡಿ ಆಚೆಗೆ ಬೀಳುವಂತೆ ಸಿನೆಮಾದಲ್ಲಿ ತೋರಿಸುವುದು ಶುದ್ಧ ಸುಳ್ಳು. ಎಪ್ಪತ್ತು ಕಿಲೋ ತೂಕದ ಮನುಷ್ಯನಿಗೆ ಆ ಸಂವೇಗವು ಸೆಕೆಂಡಿಗೆ ಎಂಟು ಸೆಂಟಿಮೀಟರು ವೇಗವನ್ನು ಮಾತ್ರ ಕೊಡಬಲ್ಲುದು. ಆದರೆ ಶಕ್ತಿಯ ಲೆಕ್ಕವೇ ಬೇರೆ. ಲಾಳಿಯದು ಮೂವತ್ತು ಜೂಲು. ಗುಂಡಿನದು ಎರಡು ಸಾವಿರ. ಐವತ್ತು ಕಿಲೋ ನೂಲಿನ ಮೂಟೆಯನ್ನು ಗೋದಾಮಿನ ಅಟ್ಟದಿಂದ, ನಾಲ್ಕು ಮೀಟರು ಎತ್ತರದಿಂದ, ಕೆಳಕ್ಕೆ ಕೆಡವಿದರೆ ಎಷ್ಟು ಶಕ್ತಿಯೋ ಅಷ್ಟು ಶಕ್ತಿಯು ಕಿರುಬೆರಳ ತುದಿಗಿಂತ ಸಣ್ಣದಾದ ಲೋಹದ ಮೂತಿಯ ಹಿಂದೆ ಸೇರಿಕೊಂಡಿರುತ್ತದೆ. ಹಾಗಾದುದರಿಂದ ಗುಂಡು ನೂಕುವುದಿಲ್ಲ, ಕೊರೆಯುತ್ತದೆ.

ಆ ಶಕ್ತಿ ಎಲ್ಲಿಯಾದರೂ ವ್ಯಯವಾಗಲೇಬೇಕು. ಗುಂಡು ಐದು ಸೆಂಟಿಮೀಟರಿನಲ್ಲಿ ನಿಂತರೆ ಗೋಡೆ ಸರಾಸರಿ ನಾಲ್ಕು ಟನ್ನಿನಷ್ಟು ಬಲವನ್ನು ಒಡ್ಡಿರಬೇಕು. ಇಪ್ಪತ್ತು ಸೆಂಟಿಮೀಟರು ಒಳಕ್ಕೆ ಬಿಟ್ಟುಕೊಂಡರೆ ಒಂದೇ ಟನ್ನು ಸಾಕು. ಮುಂದಿನ ವಿಚಾರವೆಲ್ಲ ಈ ಸಣ್ಣ ಭಾಗಾಕಾರದ ವಿಸ್ತಾರವೆಂದು ತಿಳಿಯಬಹುದು.

ವಸಾಯಿಯಿಂದ ಭಿವಂಡಿಯವರೆಗಿನ ಗುಡ್ಡಗಳೆಲ್ಲ ದಖನ್ನಿನ ಕರಿಗಲ್ಲು, ಎಂದರೆ ಹಿಂದೊಮ್ಮೆ ಭೂಗರ್ಭದಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಬಸಾಲ್ಟು. ನೀರಿಗಿಂತ ಮೂರು ಪಾಲಿನಷ್ಟು ಸಾಂದ್ರ, ಅಮುಕುವ ಬಲಕ್ಕೆ ಬಹಳ ಬಿರುಸು. ಬಂದೂಕಿನ ಗುಂಡು ಇಂಥ ಬಂಡೆಗೆ ತಗುಲಿದ ಕ್ಷಣದಲ್ಲಿ ಅವೆರಡರ ನಡುವೆ ಹುಟ್ಟುವ ಒತ್ತಡವು ವಾಯುಮಂಡಲದ ಒತ್ತಡದ ಏಳು ಸಾವಿರ ಪಾಲನ್ನು ಮೀರುತ್ತದೆ. ಸೀಸವು ಅದರ ನೂರರ ಕೆಲವೇ ಪಾಲು ಒತ್ತಡಕ್ಕೆ ಮಣಿಯುವ ಲೋಹ. ಆದಕಾರಣ ಸೀಸದ ಗುಂಡು ಅಲ್ಲಿ ಘನವಸ್ತುವಿನಂತೆ ವರ್ತಿಸದೆ ಗೋಡೆಗೆ ಎರಚಿದ ನೀರಿನಂತೆ ಚಪ್ಪಟೆಯಾಗಿ ಸುತ್ತಲೂ ಚಿಮ್ಮುತ್ತದೆ. ಬಂಡೆಯಲ್ಲಿ ಆಳವಿಲ್ಲದ ಬಟ್ಟಲಿನಂಥ ಗುಳಿಯೊಂದು ಉಳಿಯುತ್ತದೆ. ಒಳಗೆ ಉಕ್ಕಿನ ತಿರುಳುಳ್ಳ ಗುಂಡಾದರೆ ತಿರುಳು ತನ್ನ ಆಕಾರವನ್ನು ಉಳಿಸಿಕೊಂಡು ಇನ್ನಷ್ಟು ಆಳಕ್ಕೆ ಹೋಗುತ್ತದೆ. ಘಾತದಲ್ಲಿ ಮೊದಲ ಪ್ರಶ್ನೆ ಇದು: ಇಬ್ಬರಲ್ಲಿ ಮೊದಲು ಹರಿಯುವವರು ಯಾರು? ಈ ಮಟ್ಟಿಗೆ ಲೋಕರೂಢಿಯ ನಂಬಿಕೆ ಸರಿಯೆ.

ಆದರೆ ಬಂಡೆಯ ಕಷ್ಟ ಅಲ್ಲಿಗೆ ತೀರುವುದಿಲ್ಲ. ಪೆಟ್ಟು ಬಿದ್ದ ಕೂಡಲೆ ಅಮುಕಿನ ಅಲೆಯೊಂದು ಕಲ್ಲಿನೊಳಗೆ ಹೊರಡುತ್ತದೆ. ಬಸಾಲ್ಟಿನಲ್ಲಿ ಅದರ ವೇಗ ಸೆಕೆಂಡಿಗೆ ಐದಾರು ಕಿಲೋಮೀಟರು. ಗುಂಡು ನಿಲ್ಲುವುದರೊಳಗೆ ಅದು ಮುಕ್ಕಾಲು ಮೀಟರು ಹೋಗಿರುತ್ತದೆ. ಚಪ್ಪಡಿಯ ಹಿಂಬದಿಯನ್ನು ಮುಟ್ಟಿದಾಗ ಅದರಾಚೆ ಗಾಳಿಯಲ್ಲದೆ ಏನೂ ಇಲ್ಲ. ಅಲೆ ಹಿಂದಿರುಗುತ್ತದೆ, ಆದರೆ ಅಮುಕುವ ಅಲೆಯಾಗಿ ಅಲ್ಲ, ಎಳೆಯುವ ಅಲೆಯಾಗಿ. ಕಲ್ಲಿನ ದೌರ್ಬಲ್ಯ ಇಲ್ಲಿಯೇ ಇದೆ. ಅಮುಕಿಗೆ ಅದು ತಡೆಯುವ ಬಲದ ಸುಮಾರು ಹತ್ತರಲ್ಲೊಂದು ಪಾಲು ಎಳೆತಕ್ಕೇ ಅದು ಬಿರಿಯುತ್ತದೆ. ಗುಂಡು ಮುಂದುಗಡೆಯಲ್ಲಿಯೇ ನಿಂತಿದ್ದರೂ ಹಿಂದುಗಡೆಯಿಂದ ಚಕ್ಕೆಗಳು ಸಿಡಿದು ಬೀಳುವುದು ಈ ಕಾರಣದಿಂದ. ಗಾಜಿನಲ್ಲಿಯೂ ಇದನ್ನು ಹೋಲುವ ಬಿರುಕು ಕಾಣುತ್ತದೆ: ಗುಂಡು ಹೊಕ್ಕ ಕಡೆ ಸಣ್ಣ ತೂತು, ಹೊರಬಿದ್ದ ಕಡೆ ಅಗಲವಾದ ಆಲಿಕೆಯ ಬಾಯಿ. ಗುಂಡು ಯಾವ ಕಡೆಯಿಂದ ಬಂದಿತೆಂದು ಅಪರಾಧ ತನಿಖೆಯವರು ಹೇಳುವುದು ಈ ಆಲಿಕೆಯನ್ನು ನೋಡಿ. ಕೊಲಾಬಾದ ಲಿಯೊಪೋಲ್ಡ್ ಕೆಫೆಯಲ್ಲಿ 2008ರ ನವೆಂಬರ್ 26ರ ರಾತ್ರಿಯ ಗುಂಡುಗಳ ಗುರುತುಗಳನ್ನು ಅಳಿಸದೆ ಕಾಪಾಡಿದ್ದಾರೆ. ಅತ್ತ ಹೋದವರು ಅವನ್ನು ಕಣ್ಣಾರೆ ನೋಡಿರಬಹುದು.

ತೋಪಿನ ಗುಂಡಿಗೂ ಕೋಟೆಯ ಗೋಡೆಗೂ ಇದೇ ನ್ಯಾಯ. ಮುತ್ತಿಗೆಯ ಎಂಜಿನಿಯರುಗಳು ಗೋಡೆಯನ್ನು ಪುಡಿಮಾಡಲು ಹೋಗುತ್ತಿರಲಿಲ್ಲ. ಬುಡದಿಂದ ಮೂರರಲ್ಲೊಂದು ಎತ್ತರದಲ್ಲಿ ಅಡ್ಡಗೆರೆಯೊಂದನ್ನು ಗುಂಡುಗಳಿಂದ ಕೊರೆದು, ಅದರ ಎರಡು ತುದಿಗಳಿಂದ ಮೇಲಕ್ಕೆ ಲಂಬಗೆರೆಗಳನ್ನು ಕೊರೆಯುತ್ತಿದ್ದರು. ಬಿರುಕಿನಿಂದ ಬಿರುಕಿಗೆ ಹಾದಿಯಾಗಿ ಕಟ್ಟಡವು ತನ್ನ ಭಾರದಿಂದ ತಾನೇ ಉರುಳುತ್ತಿತ್ತು. ಬಿದ್ದ ಕಲ್ಲುಗಳೇ ಏರಿಹೋಗಲು ಇಳಿಜಾರಾಗುತ್ತಿದ್ದುವು. ನಮ್ಮ ಬೆಂಗಳೂರಿನ ಕೋಟೆಯ ಕಥೆಯನ್ನು ನೋಡೋಣ. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರಾಲಿಯು 1761ರಲ್ಲಿ ಅದನ್ನು ಕಲ್ಲಿನಿಂದ ಭದ್ರಪಡಿಸಿದನು. ಕಾರ್ನ್‌ವಾಲಿಸನ ಸೈನ್ಯವು 1791ರ ಮಾರ್ಚ್ 7ರಂದು ಪೇಟೆಯನ್ನು ಹಿಡಿದು, ಆ ಬಳಿಕ ತೋಪುಗಳಿಂದ ಕೋಟೆಯ ಗೋಡೆಯಲ್ಲಿ ಬಿರುಕು ತೆಗೆದು, ಮಾರ್ಚ್ 21ರ ರಾತ್ರಿ ಒಳನುಗ್ಗಿತು. ಎಂಟು ವರ್ಷಗಳ ತರುವಾಯ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಗೋಡೆಯೂ ಹೀಗೆಯೇ ಬಾಯಿಬಿಟ್ಟಿತು.

ಇದಕ್ಕೆ ಎದುರಾಗಿ ಭರತಪುರವನ್ನು ಇಡಬಹುದು. ಅಲ್ಲಿಯದು ಮಣ್ಣಿನ ಕೋಟೆ. 1805ರ ಮೊದಲ ಎರಡು ತಿಂಗಳುಗಳಲ್ಲಿ ಲಾರ್ಡ್ ಲೇಕನು ನಾಲ್ಕು ಸಲ ಏರಿಹೋಗಿ ನಾಲ್ಕು ಸಲವೂ ಅಪಾರ ನಷ್ಟದೊಡನೆ ಹಿಂದಿರುಗಿದನು. ಆಳವಾದ ಕಂದಕ, ಒಳಗಿದ್ದವರ ಛಲ ಇವೂ ಅದಕ್ಕೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಗೋಡೆಯ ಗುಣವನ್ನು ಕಡೆಗಣಿಸಲಾಗದು. ಮಣ್ಣಿಗೆ ಎಳೆತವನ್ನು ತಡೆಯುವ ಶಕ್ತಿ ಇಲ್ಲವೇ ಇಲ್ಲ. ಆದುದರಿಂದಲೇ ಕಳೆದುಕೊಳ್ಳಲು ಅದರ ಬಳಿ ಏನೂ ಇಲ್ಲ. ಗುಂಡು ಹೊಕ್ಕರೆ ಕಣಗಳು ಒಂದರ ಮೇಲೊಂದು ಉಜ್ಜಿ ಶಕ್ತಿಯನ್ನು ಬಿಸಿಯಾಗಿ ಪರಿಣಮಿಸುತ್ತವೆ. ಬಿರುಕು ಓಡಲು ಅಖಂಡವಾದ ಮೈಯಿಲ್ಲ. ಅಲೆಯೂ ಕಣಗಳ ನಡುವಣ ತೆರಪುಗಳಲ್ಲಿ ಬೇಗ ಸತ್ತುಹೋಗುತ್ತದೆ. ಉಂಡೆ ಒಳಗೇ ಹೂತುಕೊಂಡು ಗೋಡೆಗೆ ಸೇರಿಕೊಳ್ಳುತ್ತದೆ, ಅಷ್ಟೆ. 1826ರ ಜನವರಿಯಲ್ಲಿ ಕಾಂಬರ್ಮಿಯರನು ಭರತಪುರವನ್ನು ಗೆದ್ದದ್ದು, ಚಿಮಾಜಿ ಅಪ್ಪನಂತೆ, ನೆಲದಡಿಯ ಸುರಂಗದಿಂದ.

ಅಮೆರಿಕದ ಫ್ಲಾರಿಡಾದಲ್ಲಿ ಸ್ಪೇನಿನವರು ಕಟ್ಟಿದ ಸಾನ್ ಮಾರ್ಕೋಸ್ ಕೋಟೆಯದು ಇನ್ನೊಂದು ವಿಚಿತ್ರ. ಅದರ ಕಲ್ಲು ಕಡಲ ಚಿಪ್ಪುಗಳು ಒತ್ತಿಕೊಂಡು ಆದದ್ದು; ಮೈಯೆಲ್ಲ ತೂತು. 1740ರ ಮುತ್ತಿಗೆಯಲ್ಲಿ ಇಂಗ್ಲಿಷರ ಗುಂಡುಗಳು ಅದನ್ನು ಒಡೆಯಲಾರದೆ ಗೋಡೆಯಲ್ಲಿ ಸಿಕ್ಕಿಕೊಂಡು ನಿಂತವು. ಅಲ್ಲಲ್ಲಿಯ ತೂತುಗಳು ಕುಸಿಯುತ್ತ ಹೋದಂತೆ ಶಕ್ತಿ ಅಲ್ಲಲ್ಲಿಯೇ ಮುಗಿಯುತ್ತದೆ, ಬಿರುಕು ಮುಂದೆ ಹೋಗುವುದಿಲ್ಲ. ಕಾಸರಗೋಡಿನ ಬೇಕಲದಲ್ಲಿ ಇಕ್ಕೇರಿಯ ಶಿವಪ್ಪನಾಯಕನು ಕಟ್ಟಿಸಿದ ಕೋಟೆಯ ಮುರಕಲ್ಲು ಕೂಡ ಇಂಥ ರಂಧ್ರಮಯವಾದ ಕಲ್ಲು. ಕರಾವಳಿಯ ಕಡೆ ಹುಟ್ಟಿ ಬೆಳೆದವರು ಅದನ್ನು ಕೊಡಲಿಯಿಂದಲೇ ಕಡಿಯಬಹುದೆಂದು ಹಗುರವಾಗಿ ಮಾತನಾಡುವುದುಂಟು. ತೋಪಿನ ಎದುರಿಗೆ ಆ ಮೆದುತನ ಒಂದು ಗುಣವೇ ಆಗಿರಬೇಕೆಂದು ನನ್ನ ಊಹೆ.

ಮಣ್ಣಿನ ವಿಷಯದಲ್ಲಿ ಇನ್ನೊಂದು ಆಶ್ಚರ್ಯವಿದೆ. ಚೂಪುಮೂತಿಯ ಬಂದೂಕಿನ ಗುಂಡನ್ನು ಹತ್ತಿರದಿಂದ ಒಣ ಮರಳಿನೊಳಕ್ಕೆ ಹೊಡೆದರೆ ಅದು ಹೋಗುವ ಆಳವು, ಇನ್ನೂರು ಗಜ ದೂರದಿಂದ ಹೊಡೆದಾಗ ಹೋಗುವ ಆಳಕ್ಕಿಂತ ಕಡಮೆ. ಹೆಚ್ಚು ವೇಗ, ಕಡಮೆ ವೇಧನ! ವೇಗವು ಅತಿಯಾದಾಗ ಮರಳು ಒಡ್ಡುವ ಒತ್ತಡವೂ ಅತಿಯಾಗಿ, ಗುಂಡು ಅಡ್ಡಕ್ಕೆ ತಿರುಗುತ್ತದೆ ಅಥವಾ ಹರಿದು ಚೂರಾಗುತ್ತದೆ. ನಿಧಾನವಾಗಿ ಬಂದದ್ದು ತನ್ನ ಆಕಾರವನ್ನು ಉಳಿಸಿಕೊಂಡು ಮೂತಿ ಮುಂದಾಗಿಯೇ ಸಾಗುತ್ತದೆ. ಸೈನಿಕರು ಮರಳಿನ ಚೀಲದ ಮರೆಯನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಗೋಡೆಯನ್ನು ಮೈಮೇಲೆ ಹೊತ್ತು ನಡೆಯಲಾಗುವುದಿಲ್ಲ. ಮನುಷ್ಯನು ಹೊರಬಹುದಾದದ್ದು ಬಟ್ಟೆ. ಪ್ರಕೃತ ವಿಷಯದಲ್ಲಿ ನೇಯ್ಗೆಯ ಊರಿನವರಿಗೆ ಹೆಚ್ಚು ಹತ್ತಿರವಾದ ಭಾಗ ಇದೇ. 1890ರ ದಶಕದಲ್ಲಿ ಶಿಕಾಗೋ ನಗರದ ಪಾದ್ರಿ ಕಾಸಿಮಿರ್ ಜೆಗ್ಲೆನ್ ಎಂಬವನು ರೇಷ್ಮೆಯನ್ನು ಪದರ ಪದರವಾಗಿ ಒತ್ತಾಗಿ ನೇಯಿಸಿ, ಅಂದಿನ ಪಿಸ್ತೂಲಿನ ಗುಂಡನ್ನು ತಡೆಯುವ ಒಳಅಂಗಿಯನ್ನು ಮಾಡಿದನು. 1965ರಲ್ಲಿ ಡುಪಾಂಟ್ ಕಂಪೆನಿಯ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿಯ ಶೋಧನೆಯಿಂದ ಕೆವ್ಲಾರ್ ಎಂಬ ನೂಲು ಸಿದ್ಧಿಸಿತು. ಬಟ್ಟೆಯು ಗುಂಡನ್ನು ತಡೆಯುವ ರೀತಿ ಬಂಡೆಯ ರೀತಿಗೆ ತೀರ ಬೇರೆ. ಗುಂಡು ಮುಟ್ಟಿದ ಒಂದೆರಡು ಎಳೆಗಳಲ್ಲಿ ಎಳೆತದ ಅಲೆ ಎರಡು ಕಡೆಗೂ ಓಡುತ್ತದೆ. ನೂಲು ಎಷ್ಟು ಬಿಗಿಯೋ ಎಷ್ಟು ಹಗುರವೋ ಅಷ್ಟು ಅದರ ಓಟ. ಕೆವ್ಲಾರಿನಲ್ಲಿ ಅದು ಸೆಕೆಂಡಿಗೆ ಏಳು ಕಿಲೋಮೀಟರಿನ ಆಸುಪಾಸು. ಹಾಸು ಹೊಕ್ಕು ಕೂಡುವ ಒಂದೊಂದು ಗಂಟಿನಲ್ಲಿಯೂ ಅದು ಪಕ್ಕದ ಎಳೆಗಳಿಗೆ ಹಂಚಿಹೋಗುತ್ತದೆ. ಕಿರುಬೆರಳ ತುದಿಯಷ್ಟು ಜಾಗಕ್ಕೆ ಬಿದ್ದ ಪೆಟ್ಟು ಅಂಗೈಯಗಲದ ಬಟ್ಟೆಯ ಹೊರೆಯಾಗುತ್ತದೆ. ಸೀಸದ ಗುಂಡು ಅಣಬೆಯಂತೆ ಅರಳಿ ನಿಲ್ಲುತ್ತದೆ.

ಆದರೆ ಈ ಅಂಗಿಯಿಂದ ನಿಲ್ಲುವುದು ಸೆಕೆಂಡಿಗೆ ಮುನ್ನೂರೈವತ್ತು, ನಾನೂರು ಮೀಟರು ವೇಗದ ಪಿಸ್ತೂಲಿನ ಗುಂಡು. ಕಲಾಶ್ನಿಕೋವಿನ ಗುಂಡಿಗೆ ನಾಲ್ಕು ಪಾಲು ಶಕ್ತಿ, ಚೂಪು ಮೂತಿ, ಹಲವು ವೇಳೆ ಉಕ್ಕಿನ ತಿರುಳು. ಅಲೆಯು ದೂರದ ಎಳೆಗಳನ್ನು ಕರೆತರುವುದರೊಳಗೆ ಹತ್ತಿರದ ಎಳೆಗಳು ಹರಿದುಹೋಗಿರುತ್ತವೆ. 26ರ ಆ ರಾತ್ರಿ ಕಾಮಾ ಆಸ್ಪತ್ರೆಯ ಪಕ್ಕದ ಓಣಿಯಲ್ಲಿ ಹೇಮಂತ ಕರ್ಕರೆ, ಅಶೋಕ ಕಾಮಟೆ, ವಿಜಯ ಸಾಲಸ್ಕರ್ ಎಂಬ ಮೂವರು ಪೊಲೀಸು ಅಧಿಕಾರಿಗಳು ಕಲಾಶ್ನಿಕೋವಿನ ಗುಂಡುಗಳಿಗೆ ಬಲಿಯಾದರು. ಕರ್ಕರೆಯವರು ಧರಿಸಿದ್ದ ಜಾಕೆಟ್ಟಿನ ವಿಷಯವಾಗಿ ಆಮೇಲೆ ಪತ್ರಿಕೆಗಳಲ್ಲಿಯೂ ನ್ಯಾಯಾಲಯದಲ್ಲಿಯೂ ದೀರ್ಘವಾದ ವಾದ ನಡೆಯಿತು. ಆ ವಾದದ ತೀರ್ಮಾನ ಇಲ್ಲಿ ನಮ್ಮ ಕೆಲಸವಲ್ಲ. ಆದರೆ ‘ಗುಂಡು ನಿರೋಧಕ’ ಎಂಬ ಪದವನ್ನು ನಾವು ಎಷ್ಟು ಅಸಡ್ಡೆಯಿಂದ ಬಳಸುತ್ತೇವೆಂಬುದು ಅಂದು ಬಯಲಾಯಿತು. ಯಾವ ಗುಂಡು, ಎಷ್ಟು ವೇಗ, ಯಾವ ಕೋನ, ಎಷ್ಟನೆಯ ಪೆಟ್ಟು, ಮೈಯ ಯಾವ ಭಾಗ ಎಂದು ಹೇಳದಿದ್ದರೆ ಆ ಪದಕ್ಕೆ ಅರ್ಥವೇ ಇಲ್ಲ. ಭಾರತೀಯ ಮಾನಕ ಸಂಸ್ಥೆಯು ಇಂಥ ಜಾಕೆಟ್ಟುಗಳಿಗೆ ನಮ್ಮದೇ ಆದ ಮಾನಕವನ್ನು ಪ್ರಕಟಿಸಿದ್ದು 2018ರಲ್ಲಿ. ಆ ದುರಂತ ನಡೆದು ಹತ್ತು ವರ್ಷಗಳು ಕಳೆದಿದ್ದುವು.

ಬಂದೂಕಿನ ಗುಂಡಿಗೆ ಉಪಾಯವೇನು? ಬಂಡೆಯ ಗುಣ, ಬಟ್ಟೆಯ ಗುಣ ಎರಡನ್ನೂ ಸರಿಯಾದ ಕ್ರಮದಲ್ಲಿ ಕೂಡಿಸುವುದು. ಮುಂದುಗಡೆ ಉಕ್ಕಿಗಿಂತ ಗಡಸಾದ ಸೆರಾಮಿಕ್ ಫಲಕ. ಹಿಂದುಗಡೆ ನೂಲಿನ ಪದರಗಳು. ಫಲಕದ ಕೆಲಸ ಗುಂಡನ್ನು ನಿಲ್ಲಿಸುವುದಲ್ಲ, ಅದರ ಮೂತಿಯನ್ನು ಮುರಿಯುವುದು. ಹಾಗೆ ಮುರಿಯುತ್ತ ಅದು ತಾನೂ ಒಡೆಯುತ್ತದೆ. ಒಡೆದ ಶಂಕುವಿನಾಕಾರದ ಚೂರು ಪೆಟ್ಟನ್ನು ಅಗಲಕ್ಕೆ ಹರಡಿ ಹಿಂದಿನ ಬಟ್ಟೆಗೆ ಒಪ್ಪಿಸುತ್ತದೆ. ಕೆಫೆಯ ಗಾಜಿನಲ್ಲಿ ಕೇಡಾಗಿದ್ದ ಆಲಿಕೆ ಇಲ್ಲಿ ಉಪಕಾರಿ. ಖಾಡಿಯ ಆಚೆ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನ ಕೇಂದ್ರದವರು ರೂಪಿಸಿ, ಹೈದರಾಬಾದಿನ ಮಿಧಾನಿ ಕಾರ್ಖಾನೆಯವರು ತಯಾರಿಸುವ ‘ಭಾಭಾ ಕವಚ’ದಲ್ಲಿ ಈ ಮುಂಗಡೆಯ ಫಲಕವು ಬೋರಾನ್ ಕಾರ್ಬೈಡಿನದು. ಅದು ವಜ್ರಕ್ಕೆ ಸಮೀಪದ ಗಡಸುಳ್ಳ, ಅಲ್ಯುಮಿನಿಯಮ್ಮಿಗಿಂತಲೂ ತುಸು ಹಗುರವಾದ ಪದಾರ್ಥ. ಸೆರಾಮಿಕ್ಕಿನ ಬೆಲೆಯನ್ನೂ ಮರೆಯಬಾರದು: ಒಮ್ಮೆ ಬಿರಿದ ಜಾಗಕ್ಕೆ ಎರಡನೆಯ ಗುಂಡು ಬಂದರೆ ತಡೆ ಬಹುವಾಗಿ ತಗ್ಗಿರುತ್ತದೆ. ಅಜಾಗರೂಕತೆಯಿಂದ ನೆಲಕ್ಕೆ ಕೆಡವಿದ ಫಲಕದೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಅದನ್ನು ಕಂಡುಹಿಡಿಯಲು ಕ್ಷಕಿರಣದ ಚಿತ್ರ ತೆಗೆಯಬೇಕಾಗುತ್ತದೆ.

ಗುಂಡು ನಿಂತರೂ ಬಟ್ಟೆ ಒಳಕ್ಕೆ ಉಬ್ಬುತ್ತದೆ. ಆ ಉಬ್ಬೇ ಪಕ್ಕೆಲುಬನ್ನು ಮುರಿಯಬಲ್ಲುದು. ಆದಕಾರಣ ಪರೀಕ್ಷೆಯ ಸಮಯದಲ್ಲಿ ಜಾಕೆಟ್ಟನ್ನು ನಾದಿದ ಜೇಡಿಯ ಮುದ್ದೆಯೊಂದಕ್ಕೆ ಒರಗಿಸಿ ಗುಂಡು ಹೊಡೆಯುತ್ತಾರೆ. ಆಮೇಲೆ ಜಾಕೆಟ್ಟನ್ನು ತೆಗೆದು ಜೇಡಿಯಲ್ಲಿ ಬಿದ್ದ ಕುಳಿಯ ಆಳವನ್ನು ಅಳೆಯುತ್ತಾರೆ. ಅಮೆರಿಕದ ಮಾನಕದಲ್ಲಿ ಅದು 44 ಮಿಲಿಮೀಟರನ್ನು ಮೀರಿದರೆ, ಗುಂಡು ಒಳಹೊಗದಿದ್ದರೂ, ಜಾಕೆಟ್ಟು ತೇರ್ಗಡೆಯಾಗುವುದಿಲ್ಲ.